ಸುಣ್ಣದ ಗೂಡಿನಿಂದ ಸೇತುವೆಯವರೆಗೆ

ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ವೈ ಎಂಬ ಚಿಕ್ಕ ಹೊಳೆಯೊಂದು ಸುಣ್ಣಕಲ್ಲಿನ ಬೆಟ್ಟಗಳನ್ನು ಕೊರೆದು ತನ್ನ ದಾರಿ ಮಾಡಿಕೊಂಡಿದೆ. ಬರ್ಮಿಂಗ್‌ಹ್ಯಾಮಿನ ಹನ್ನೊಂದು ಮಂದಿ ಕನ್ನಡಿಗರು ಒಂದು ಭಾನುವಾರ ಮಿಲ್ಲರ್ಸ್ ಡೇಲಿನಿಂದ ಮೊನ್ಸಲ್ ಹೆಡ್‌ವರೆಗೆ ಅದರ ಜೊತೆಯಲ್ಲೇ ನಡೆದೆವು. ಗುಂಪು ನಡಿಗೆಯಲ್ಲಿ ನಕ್ಷೆ ಒಬ್ಬರ ಕೈಯಲ್ಲಿದ್ದರೆ ಅಭಿಪ್ರಾಯ ಎಲ್ಲರ ಬಾಯಲ್ಲಿರುತ್ತದೆ. ಚಿತ್ರಾನ್ನದ ಬುತ್ತಿಯನ್ನು ಬೇಗ ಬಿಚ್ಚಬೇಕೆಂಬ ವಿಷಯದಲ್ಲಿ ಮಾತ್ರ ಒಮ್ಮತವಿತ್ತು.

ಹಾದಿಯ ಆರಂಭದಲ್ಲೇ, 1880ರಲ್ಲಿ ಕಟ್ಟಿ 1944ರವರೆಗೆ ಉರಿಸಿದ ಸುಣ್ಣದ ಗೂಡುಗಳು ಕೋಟೆಯ ಗೋಡೆಯಂತೆ ನಿಂತಿವೆ. ಮೇಲಿನಿಂದ ಕಲ್ಲನ್ನೂ ಕಲ್ಲಿದ್ದಲನ್ನೂ ಸುರಿದು ಸುಟ್ಟು, ಬೆಂದ ಸುಣ್ಣವನ್ನು ಕೆಳಗಿನ ಬಾಯಿಂದ ಎಳೆದು ತೆಗೆಯುತ್ತಿದ್ದರು. ನಮ್ಮ ಜೊತೆಗಿದ್ದ ರಾಯರು ಆ ಬಾಯನ್ನೇ ದಿಟ್ಟಿಸುತ್ತ, ಜೇಬಿನ ಡಬ್ಬಿಯಿಂದ ವೀಳ್ಯದೆಲೆಗೆ ಸುಣ್ಣ ಸವರಿಕೊಂಡು, "ಇದರ ತವರೂ ಇಂಥದೇ ನೋಡಿ" ಎಂದರು.

ಹೊಳೆಯ ದಂಡೆಗೆ ಇಳಿದರೆ ಲಿಟ್ಟನ್ ಮಿಲ್. ನೀರಿನ ಬಲದಿಂದ ನಡೆಯುತ್ತಿದ್ದ ಈ ಹತ್ತಿ ಗಿರಣಿಗೆ ಅನಾಥ ಮಕ್ಕಳನ್ನು ದೂರದ ಊರುಗಳಿಂದ ತಂದು ದುಡಿಸಿದ ಕಥೆ ಹತ್ತೊಂಬತ್ತನೆಯ ಶತಮಾನದಲ್ಲೇ ಅಚ್ಚಾಯಿತು. ಈಗ ಅಲ್ಲಿ ಅಪಾರ್ಟ್‌ಮೆಂಟುಗಳಿವೆ. ಅದನ್ನು ಹೇಳಿದಾಗ ನಮ್ಮ ಹರಟೆ ಸ್ವಲ್ಪ ಹೊತ್ತು ನಿಂತಿತು. ಮುಂದೆ ಬಿಳಿಯ ಬಂಡೆಗಳ ನಡುವೆ ಅಲುಗದೆ ಹರಡಿಕೊಂಡ ನೀರು, ಅದರಲ್ಲಿ ತೇಲುವ ಬಾತುಗಳು! ಪ್ರಕೃತಿಯ ಶಾಂತಿಯನ್ನು ಎಲ್ಲರೂ ಮನಸಾರೆ ಕೊಂಡಾಡಿದ ಮೇಲೆ, ಆ ನೀರು ನಿಂತಿರುವುದು ಕ್ರೆಸ್‌ಬ್ರುಕ್ ಗಿರಣಿಗಾಗಿ ಕಟ್ಟಿದ ಒಡ್ಡಿನಿಂದ ಎಂದು ನಕ್ಷೆಯವರು ತಿಳಿಸಿದರು. ಹೊಗಳಿಕೆಯನ್ನು ಹಿಂದಕ್ಕೆ ಪಡೆಯುವುದು ಸಾಧ್ಯವಿರಲಿಲ್ಲ.

ಕೊನೆಗೆ ಬಂದದ್ದು ಐದು ಕಮಾನುಗಳ ರೈಲು ಸೇತುವೆ. 1863ರಲ್ಲಿ ರೈಲು ಓಡತೊಡಗಿದ ಈ ಮಾರ್ಗವನ್ನು ಕಲಾವಿಮರ್ಶಕ ಜಾನ್ ರಸ್ಕಿನ್ ಕಟುವಾಗಿ ಖಂಡಿಸಿದ್ದ: ದೇವತೆಗಳು ವಾಸಿಸುವಂಥ ಕಣಿವೆಯನ್ನು ಕೆಡಿಸಿ ಪಡೆದದ್ದೇನು, ಬಕ್ಸ್‌ಟನ್ನಿನ ಮೂರ್ಖರು ಅರ್ಧ ಗಂಟೆಯಲ್ಲಿ ಬೇಕ್‌ವೆಲ್ಲಿಗೂ, ಬೇಕ್‌ವೆಲ್ಲಿನ ಮೂರ್ಖರು ಬಕ್ಸ್‌ಟನ್ನಿಗೂ ಹೋಗಬಹುದು, ಅಷ್ಟೇ ಎಂಬುದು ಅವನ ವಾದ. 1968ರಲ್ಲಿ ರೈಲು ನಿಂತಿತು. ಈಗ ಜನ ಮೊನ್ಸಲ್ ಹೆಡ್ಡಿನ ಮೇಲಿಂದ ಫೋಟೊ ತೆಗೆಯುವುದು ಆ ಸೇತುವೆಯನ್ನೇ. ನಾವೂ ಸಾಲಾಗಿ ನಿಂತು, ಸೇತುವೆ ಪೂರ್ತಿ ಕಾಣುವಂತೆ ಎರಡೆರಡು ಸಲ ತೆಗೆಸಿಕೊಂಡೆವು. ರಸ್ಕಿನ್ನನ ಲೆಕ್ಕದಲ್ಲಿ ಬರ್ಮಿಂಗ್‌ಹ್ಯಾಮಿನವರು ಸೇರಿರಲಿಲ್ಲ.