ಬೆಂಗಳೂರು ಸುತ್ತಿ ಹುಬ್ಬಳ್ಳಿಗೆ

ಶಿವಮೊಗ್ಗದಿಂದ ಹುಬ್ಬಳ್ಳಿಗೆ ವಿಮಾನದಲ್ಲಿ 43 ನಿಮಿಷ. ನಾನು ಹೇಳಿದ್ದಲ್ಲ, ಮೊಬೈಲ್ ಹೇಳಿದ್ದು. ಎರಡು ನಿಲ್ದಾಣಗಳ ಹೆಸರು ಹಾಕಿದ್ದೇ ತಡ, ದೂರ ಸುಮಾರು 176 ಕಿಲೋಮೀಟರ್, 95 ನಾಟಿಕಲ್ ಮೈಲಿ ಎಂದು ಲೆಕ್ಕ ಒಪ್ಪಿಸಿತು. ಶಿವಮೊಗ್ಗದ ನಿಲ್ದಾಣವಿರುವ ಸೊಗಾನೆಯ ಬಯಲಿಗೂ ಸಮುದ್ರದ ಮೈಲಿಗೂ ಎಂಥ ನೆಂಟಸ್ತಿಕೆಯೋ! ದೊಡ್ಡಪ್ಪನ ಮಗನ ಮದುವೆ, ಹುಡುಗಿ ಹುಬ್ಬಳ್ಳಿಯವಳು. ನೀವೆಲ್ಲ ಬಸ್ಸಲ್ಲಿ ಕುಲುಕಾಡಿಕೊಂಡು ಬನ್ನಿ, ನಾನು ಹಾರಿ ಬರ್ತೀನಿ ಎಂದು ಮನೆಮಂದಿಯ ಮುಂದೆ ಕೊಚ್ಚಿಕೊಂಡೆ.

ಟಿಕೆಟ್ ಹುಡುಕಿದಾಗ ಗೊತ್ತಾಯಿತು, ನೇರ ವಿಮಾನವೇ ಇಲ್ಲ. ಆ ಲೆಕ್ಕ ಕಾಗೆ ಹಾರುವ ದಾರಿಯದ್ದು. ಗಂಟೆಗೆ 800 ಕಿಲೋಮೀಟರ್ ಓಡುವ ದೊಡ್ಡ ಜೆಟ್ಟಿನ ವೇಗದಿಂದ ಭಾಗಿಸಿ, ಏರಲು ಇಳಿಯಲು ಅಂತ ಮೇಲೊಂದು 30 ನಿಮಿಷ ಸೇರಿಸಿದ್ದಷ್ಟೇ. ವಿಮಾನ ಇದೆಯೋ ಇಲ್ಲವೋ ಎಂಬ ಕ್ಷುಲ್ಲಕ ವಿಚಾರಕ್ಕೆ ಅದು ತಲೆಹಾಕುವುದಿಲ್ಲ.

ಕೊಚ್ಚಿಕೊಂಡಾಗಿತ್ತಲ್ಲ, ಮರ್ಯಾದೆ ಪ್ರಶ್ನೆ. ಬೆಂಗಳೂರಿನ ಮೇಲೆ ಹೋಗುವ ಟಿಕೆಟ್ ತೆಗೆದೆ. ಪೂರ್ವಕ್ಕೆ ಸುಮಾರು 240 ಕಿಲೋಮೀಟರ್, ಅಲ್ಲಿಂದ ವಾಯವ್ಯಕ್ಕೆ 370. ನಡುವೆ ಐದು ಗಂಟೆ ಕಾಯುವ ಸುಖ ಬೇರೆ.

ಸೊಗಾನೆಯ ಟರ್ಮಿನಲ್ ತಾವರೆ ಆಕಾರದ್ದು. ಕೆಳಗೆ ನಿಂತವರಿಗೆ ಆ ತಾವರೆ ಕಾಣುವುದಿಲ್ಲ ಅನ್ನುವುದು ಬೇರೆ ಮಾತು. ಒಳಗೆ ತಪಾಸಣೆಯವರು ನನ್ನ ಕೈಚೀಲದಿಂದ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯನ್ನು ಮಗುವನ್ನೆತ್ತಿದ ಹಾಗೆ ಎರಡೂ ಕೈಯಲ್ಲಿ ಎತ್ತಿದರು. ಬೀಗರಿಗೆಂದು ಅಮ್ಮ ಬಾಯಿಗೆ ಬಟ್ಟೆ ಬಿಗಿದು ಕೊಟ್ಟಿದ್ದು. "ಸಾರ್, ಇದು ಕ್ಯಾಬಿನ್ನಲ್ಲಿ ಬಿಡಲ್ಲ." ವಾಪಸ್ ಓಡಿ, ಕೌಂಟರಿನವರ ಕೈಕಾಲು ಹಿಡಿದು ಪೆಟ್ಟಿಗೆ ತರಿಸಿ, ರೇಷ್ಮೆ ಪಂಚೆಯಲ್ಲಿ ಸುತ್ತಿ ಒಳಗಿಟ್ಟೆ. ಪಂಚೆಯೇ ಯಾಕೆ ಎಂದು ಕೇಳಬೇಡಿ. ಮೆತ್ತಗೆ ಕೈಗೆ ಸಿಕ್ಕಿದ್ದು ಅದೊಂದೇ.

ಬೆಂಗಳೂರಲ್ಲಿ ಕೂತು ಮೂರನೇ ಕಾಫಿಯ ರೇಟು ನೋಡಿ ಬೆವರುತ್ತಿದ್ದಾಗ ಚಿಕ್ಕಪ್ಪನ ಫೋನು.

"ಎಲ್ಲಿದೀಯ ಮಾರಾಯ? ನಮ್ಮ ಬಸ್ಸು ರಾಣೆಬೆನ್ನೂರಲ್ಲಿ ನಿಂತಿದೆ. ಮಂಡಕ್ಕಿ ಮಿರ್ಚಿ ತಿಂತಾ ಇದೀನಿ."

"ಬೆಂಗಳೂರಲ್ಲಿ, ಚಿಕ್ಕಪ್ಪ."

ಆ ಕಡೆ ಸ್ವಲ್ಪ ಹೊತ್ತು ಮಿರ್ಚಿ ಅಗಿಯುವ ಸದ್ದು ಮಾತ್ರ. "ಮದುವೆ ಹುಬ್ಬಳ್ಳಿಯಲ್ಲಲ್ವನಾ?"

ಕೊಂಕಣ ಸುತ್ತಿ ಮೈಲಾರಕ್ಕೆ ಹೋದವನಿಗೆ ದಾರಿಯಲ್ಲಿ ಸಮುದ್ರವಾದರೂ ಸಿಕ್ಕಿರುತ್ತದೆ. ನನಗೆ ಸಿಕ್ಕಿದ್ದು ಗೇಟ್ ಬದಲಾಗಿದೆ ಎಂಬ ಘೋಷಣೆ, ಅದೂ ಎರಡು ಸಲ.

ಹುಬ್ಬಳ್ಳಿಯಲ್ಲಿ ಇಳಿದಾಗ ಸಂಜೆ ಆರು. ಚಿಕ್ಕಪ್ಪ ಆಗಲೇ ಒಂದು ನಿದ್ದೆ ಮುಗಿಸಿ, ಹೊಸ ಬೀಗರ ಜೊತೆ ಎರಡನೇ ಚಾ ಕುಡಿಯುತ್ತಿರುವ ಫೋಟೋ ಕಳಿಸಿದ್ದರು. ಬೆಲ್ಟಿನ ಮೇಲೆ ಪೆಟ್ಟಿಗೆಗಳು ಒಂದೊಂದೇ ಬಂದವು. ಕೊನೆಯದರ ಮೂಲೆಯಿಂದ ಕೆಂಪು ರಸ ಎಳೆಯಾಗಿ ಒಸರುತ್ತಿತ್ತು.

ಪಕ್ಕದಲ್ಲಿದ್ದ ಅಜ್ಜಿ ಮೂಗು ಅರಳಿಸಿದರು. "ಯಾರ್ದ್ರಿ ಇದು? ಉಪ್ಪಿನಕಾಯಿ ಘಮ್ ಅನ್ನಾಕತ್ತೈತಿ!"

ಎಲ್ಲರೂ ಪೆಟ್ಟಿಗೆ ನೋಡಿದರು. ನಾನೂ ಅವರ ಜೊತೆ ಸೇರಿ, ಯಾರದಪ್ಪಾ ಎನ್ನುವ ಮುಖ ಮಾಡಿಕೊಂಡು ನೋಡಿದೆ. ಹೇಗೂ ಇಷ್ಟು ಸುತ್ತಿ ಬಂದಿದೆ, ಜನ ಖಾಲಿಯಾಗುವವರೆಗೆ ಇನ್ನೊಂದು ಸುತ್ತು ಹಾಕಲಿ ಎಂದು ಬಿಟ್ಟುಬಿಟ್ಟೆ.