ಪ್ಯಾಂಟ್ ಹಾಕಿಕೊಂಡರೆ ಪಾಪವೇ ಎಂದು ಪೋಪ್‌ಗೆ ಕೇಳಿದ ದೊರೆ

ಪ್ಯಾಂಟ್ ಹಾಕಿಕೊಂಡರೆ ಪಾಪ ಸುತ್ತಿಕೊಳ್ಳುತ್ತದಾ? ಬುಧವಾರ, ಶುಕ್ರವಾರ ಸ್ನಾನ ಮಾಡಬಹುದಾ? ಬಾಣಂತಿ ಎಷ್ಟು ದಿನ ಬಿಟ್ಟು ಚರ್ಚ್ ಮೆಟ್ಟಿಲು ಹತ್ತಬೇಕು?

866ರಲ್ಲಿ ಬಲ್ಗೇರಿಯಾದ ದೊರೆ ಬೋರಿಸ್ ಇಂಥ ಪ್ರಶ್ನೆಗಳ ದೊಡ್ಡ ಕಟ್ಟನ್ನೇ ದೂತರ ಕೈಲಿ ರೋಮ್‌ಗೆ ಕಳಿಸಿದ. ಪೋಪ್ ಒಂದನೇ ನಿಕೋಲಸ್ ಬೇಸರ ಮಾಡಿಕೊಳ್ಳದೆ ಒಂದೊಂದಕ್ಕೂ ಉತ್ತರ ಬರೆಸಿದ. ಒಟ್ಟು 106 ಉತ್ತರ. ಪ್ರಶ್ನೆಗಳ ಮೂಲ ಪತ್ರ ಕಳೆದುಹೋಗಿದೆ, ಉತ್ತರಗಳು ಉಳಿದಿವೆ. ಫೋನಿನಲ್ಲಿ ಒಬ್ಬರೇ ಮಾತಾಡುವುದು ಕೇಳಿಸಿದರೂ ಆ ಕಡೆಯವರು ಏನು ಕೇಳಿರಬಹುದು ಅಂತ ಗೊತ್ತಾಗುತ್ತಲ್ಲ, ಹಾಗೆ.

ರಾಜ ತನ್ನ ಜನರನ್ನೆಲ್ಲ ಕ್ರೈಸ್ತರನ್ನಾಗಿ ಮಾಡಿದ ಕಥೆಗಳನ್ನು ನಾವು ಎರಡೇ ರೀತಿ ಕೇಳಿರುತ್ತೇವೆ. ಒಂದರಲ್ಲಿ ಅವನು ಸಂತ, ಇನ್ನೊಂದರಲ್ಲಿ ಕತ್ತಿ ಹಿಡಿದ ರಾಕ್ಷಸ. ಎರಡರಲ್ಲೂ ಜನ ಮಾತ್ರ ಕುರಿಮಂದೆ, ಬೆಳಿಗ್ಗೆ ನದಿಗೆ ಇಳಿದು ಸಂಜೆ ಹೊತ್ತಿಗೆ ಬೇರೆಯವರಾಗಿ ಎದ್ದು ಬರುತ್ತಾರೆ. ನನಗೆ ಇದು ಯಾವತ್ತೂ ಗಂಟಲಲ್ಲಿ ಇಳಿದಿಲ್ಲ. ಬೋರಿಸ್‌ನ ಕಥೆ ಓದಿದ ಮೇಲಂತೂ ಪೂರ್ತಿ ಬಿಟ್ಟೆ.

ಅವನು ಮತ ಬದಲಿಸಿದ್ದಕ್ಕೆ ಮೊದಲ ಕಾರಣ ಶುದ್ಧ ರಾಜಕೀಯ. ಒಂದು ಕಡೆ ಪಶ್ಚಿಮ ಯುರೋಪಿನ ಫ್ರಾಂಕರ ದೊರೆ ಜರ್ಮನ್ ಲೂಯಿ, ಇನ್ನೊಂದು ಕಡೆ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ. ಬೋರಿಸ್ ಲೂಯಿಯ ಕಡೆ ವಾಲಿದ. ಪಕ್ಕದಲ್ಲೇ ಇದ್ದ ಆ ಚಕ್ರವರ್ತಿಯ ಕಡೆಯವರು, ಅಂದರೆ ಬೈಜಾಂಟಿಯನ್ನರು, ಬಿಡುತ್ತಾರಾ? ಗಡಿಗೆ ಸೈನ್ಯ, ಕಪ್ಪು ಸಮುದ್ರಕ್ಕೆ ಹಡಗು. ದೇಶದಲ್ಲಿ ಆಗಲೇ ಬರಗಾಲ. ಬೋರಿಸ್ ಹೆಚ್ಚು ಯುದ್ಧ ಮಾಡದೆ ಒಪ್ಪಿಕೊಂಡ. 864ರ ಸುಮಾರಿಗೆ ದೀಕ್ಷಾಸ್ನಾನವಾಯಿತು. ಚಕ್ರವರ್ತಿ ಮೂರನೇ ಮಿಖಾಯಿಲನೇ ಧರ್ಮಪಿತ (ಗಾಡ್‌ಫಾದರ್), ಅವನ ಹೆಸರೇ ಇವನಿಗೂ. ಇವನ ವಂಶದ ಕ್ರುಮ್ ಅನ್ನುವ ಖಾನ್ 811ರಲ್ಲಿ ಬೈಜಾಂಟಿಯನ್ ಚಕ್ರವರ್ತಿಯೊಬ್ಬನನ್ನು ಕೊಂದು, ಅವನ ತಲೆಬುರುಡೆಗೆ ಬೆಳ್ಳಿ ಕಟ್ಟಿಸಿ ಅದರಲ್ಲಿ ಕುಡಿದಿದ್ದನಂತೆ. ಐವತ್ತು ಚಿಲ್ಲರೆ ವರ್ಷದಲ್ಲಿ ಅದೇ ಸಿಂಹಾಸನದ ಜೊತೆ ಧರ್ಮಪಿತ, ಧರ್ಮಪುತ್ರ ಸಂಬಂಧ!

ಮನೆಯೊಳಗಿನ ಲೆಕ್ಕವೂ ಇತ್ತು. ಆಳುವ ಬಲ್ಗಾರರು ಹುಲ್ಲುಗಾವಲಿನಿಂದ ಕುದುರೆ ಏರಿ ಬಂದವರು. ಪ್ರಜೆಗಳಲ್ಲಿ ಬಹುಪಾಲು ಸ್ಲಾವರು. ಇವರ ದೇವರು ಬೇರೆ, ಅವರ ದೇವರು ಬೇರೆ, ಭಾಷೆಯೂ ಬೇರೆ. ಎಲ್ಲರಿಗೂ ಒಂದೇ ದೇವರು, ಒಬ್ಬನೇ ದೊರೆ ಅಂದರೆ ದೊರೆಗೆ ಅನುಕೂಲವೇ ಅಲ್ವಾ.

ಹಳೆಯ ಬಲ್ಗಾರ್ ಸರದಾರರಿಗೆ ಇದೇ ಚುಚ್ಚಿತು. ಅವರನ್ನು ಬೊಯಾರ್ ಅನ್ನುತ್ತಿದ್ದರು. ದಂಗೆ ಎದ್ದು ಅರಮನೆಗೆ ಮುತ್ತಿಗೆ ಹಾಕಿದರು. ಬೋರಿಸ್ 48 ಜನರನ್ನು ಕಟ್ಟಿಕೊಂಡು ಹೊರಗೆ ಬಂದು ಗೆದ್ದನೆಂದು ಫ್ರಾಂಕರ ಆ ಕಾಲದ ದಾಖಲೆಯೊಂದು ಹೇಳುತ್ತದೆ. ಆಮೇಲೆ 52 ಮುಖಂಡರನ್ನು ಕೊಲ್ಲಿಸಿದ. ಸಾಮಾನ್ಯ ಜನರನ್ನು ಬಿಟ್ಟುಬಿಟ್ಟ. ಆದರೆ ಮುಖಂಡರ ಮಕ್ಕಳನ್ನು ಬಿಡಲಿಲ್ಲ.

ನಾನು ಬೋರಿಸ್‌ನನ್ನು ಎಷ್ಟೇ ಮೆಚ್ಚಿದರೂ ಇಲ್ಲಿ ಬಂದು ನಿಲ್ಲುತ್ತೇನೆ. ಅವನಿಗೂ ಇದು ಕೊರೆದಿರಬೇಕು, ಯಾಕೆಂದರೆ ರೋಮ್‌ಗೆ ಕಳಿಸಿದ ಪ್ರಶ್ನೆಗಳಲ್ಲಿ ಇದೂ ಇತ್ತು. ಅಪ್ಪಂದಿರ ಸಂಚಿನಲ್ಲಿ ಕೈ ಇಲ್ಲದ ಮಕ್ಕಳನ್ನು ಕೊಂದಿದ್ದು ಪಾಪವೇ ಎಂದು ಪೋಪ್ ನೇರವಾಗಿ ಹೇಳಿದ.

ಉಳಿದ ಉತ್ತರಗಳನ್ನು ಓದುತ್ತಾ ಹೋದರೆ ಒಂದು ಊರಿಗೆ ಊರೇ ಕಣ್ಣೆದುರು ಬರುತ್ತದೆ. ಕಾನ್‌ಸ್ಟಾಂಟಿನೋಪಲ್ ಕಡೆಯ ಗ್ರೀಕ್ ಪಾದ್ರಿಗಳು ಬಂದು ಅದು ಮಾಡಬೇಡಿ ಇದು ಮಾಡಬೇಡಿ ಅಂತ ಕೂತಿದ್ದಾರೆ. ಚರ್ಚಿನಲ್ಲಿ ಎದೆಗೆ ಕೈ ಕಟ್ಟಿ ನಿಲ್ಲದಿದ್ದರೆ ಮಹಾಪಾಪ. ಇಂಥ ವಾರ ಸ್ನಾನ ಇಲ್ಲ. (ಅಮಾವಾಸ್ಯೆ ದಿನ ಕಟಿಂಗ್ ಮಾಡಿಸಬೇಡ ಅಂತ ಕೇಳಿ ಬೆಳೆದ ನನಗೆ ಇದೇನೂ ಹೊಸದಲ್ಲ.) ಜನಕ್ಕೆ ತಲೆ ಕೆಟ್ಟಿದೆ. ಪೋಪ್‌ನದು ಬಹಳ ಕಡೆ ಸಡಿಲ ಕೈ. ಸ್ನಾನ ಮಾಡಿ. ಪ್ಯಾಂಟ್ ನೀನು ಹಾಕು, ನಿನ್ನ ಹೆಂಡತಿ ಹಾಕಲಿ, ಬಿಡಲಿ, ಮೋಕ್ಷಕ್ಕೂ ಅದಕ್ಕೂ ಸಂಬಂಧ ಇಲ್ಲ. ಬಾಣಂತಿ ಹೆತ್ತ ದಿನವೇ ಬರಬೇಕೆಂದರೆ ಬರಲಿ. ದೊರೆ ಹೆಂಡತಿಯನ್ನೂ ಪಕ್ಕಕ್ಕೆ ಕೂರಿಸಿಕೊಳ್ಳದೆ ಒಬ್ಬನೇ ಉಣ್ಣುವುದು ಧರ್ಮಕ್ಕೆ ವಿರುದ್ಧವಲ್ಲ, ಆದರೆ ಒಳ್ಳೆಯ ನಡತೆಯೂ ಅಲ್ಲ.

ಕೆಲವು ಕಡೆ ಮಾತ್ರ ಬಿಗಿ. ಯುದ್ಧಕ್ಕೆ ಬಾವುಟವಾಗಿ ಕುದುರೆ ಬಾಲ ಬೇಡ, ಶಿಲುಬೆ ಹಿಡಿಯಿರಿ. ಕತ್ತಿ ಮುಟ್ಟಿ ಆಣೆ ಬೇಡ. ಕಾಯಿಲೆಯವರು ಹೋಗುತ್ತಿದ್ದ ಕಲ್ಲೊಂದಿತ್ತು, ಅದರಿಂದ ಕೆಲವರಿಗೆ ವಾಸಿಯಾಗುತ್ತಿತ್ತಂತೆ, ಕೆಲವರಿಗೆ ಇಲ್ಲ. ಅದನ್ನೂ ಬಿಡಿ. ಕಳ್ಳ ಒಪ್ಪಿಕೊಳ್ಳುವ ತನಕ ತಲೆಗೆ ಹೊಡೆಯುವುದು, ಕಬ್ಬಿಣದಿಂದ ಪಕ್ಕೆಗೆ ತಿವಿಯುವುದು ದೇವರ ಕಾನೂನಿಗೂ ಒಪ್ಪಿಗೆಯಿಲ್ಲ, ಮನುಷ್ಯರ ಕಾನೂನಿಗೂ ಇಲ್ಲ. ಈ ಮಾತು ಹೇಳಿದ್ದು 9ನೇ ಶತಮಾನದಲ್ಲಿ. ಸ್ಟೇಷನ್‌ನಲ್ಲಿ ಎರಡು ಬಿಟ್ಟರೆ ತಾನಾಗಿ ಬಾಯಿ ಬಿಡುತ್ತಾನೆ ಅನ್ನುವವರು ಈಗಲೂ ನನ್ನ ಫ್ರೆಂಡ್ ಲಿಸ್ಟ್‌ನಲ್ಲೇ ಇದ್ದಾರೆ.

ಇಷ್ಟಾದರೂ ಬೋರಿಸ್ ರೋಮ್‌ಗೆ ಉಳಿಯಲಿಲ್ಲ. ಅವನಿಗೆ ಬೇಕಿದ್ದದ್ದು ತನ್ನ ದೇಶಕ್ಕೆ ತನ್ನದೇ ಆರ್ಚ್‌ಬಿಷಪ್, ಅಂದರೆ ಬಿಷಪ್‌ಗಳಿಗೆಲ್ಲ ಹಿರಿಯ. ರೋಮ್‌ನಿಂದ ಬಂದಿದ್ದ ಫಾರ್ಮೋಸಸ್ ಎಂಬ ಬಿಷಪ್ ಅವನಿಗೆ ಹಿಡಿಸಿದ್ದ, ಅವನನ್ನೇ ಕೊಡಿ ಅಂದ. ಕೊಡಲಿಲ್ಲ. (ಈ ಫಾರ್ಮೋಸಸ್ ಮುಂದೆ ಪೋಪ್ ಆದ. ಸತ್ತ ಮೇಲೆ, 897ರಲ್ಲಿ, ಅವನ ಹೆಣ ತೆಗೆದು ಕುರ್ಚಿಯಲ್ಲಿ ಕೂರಿಸಿ ವಿಚಾರಣೆ ಮಾಡಿದರು. ಅದು ಬೇರೆ ಪೋಸ್ಟ್‌ಗೆ ಇರಲಿ.) ಬೋರಿಸ್ ಸುಮ್ನೆ ಕಾನ್‌ಸ್ಟಾಂಟಿನೋಪಲ್ ಕಡೆ ತಿರುಗಿದ. 870ರಲ್ಲಿ ಅವರು ಆರ್ಚ್‌ಬಿಷಪ್‌ನನ್ನು ಕೊಟ್ಟರು. ಸಂತೆಯಲ್ಲಿ ಎರಡು ಅಂಗಡಿಗೂ ಹೋಗಿ ಚೌಕಾಸಿ ಮಾಡಿದ ಹಾಗಿದೆ, ಆದರೆ ಸಣ್ಣ ದೇಶದ ದೊರೆ ಇನ್ನೇನು ಮಾಡಬೇಕಿತ್ತು?

ಇಷ್ಟೆಲ್ಲ ಆದರೂ ಪೂಜೆ ನಡೆಯುತ್ತಿದ್ದದ್ದು ಗ್ರೀಕಿನಲ್ಲಿ. ಜನಕ್ಕೆ ಒಂದಕ್ಷರ ತಿಳಿಯದು. 886ರ ಸುಮಾರಿಗೆ ಮೊರಾವಿಯಾದಿಂದ (ಇಂದಿನ ಚೆಕ್, ಸ್ಲೊವಾಕಿಯಾ ಕಡೆ) ಓಡಿಸಿದ ಕೆಲವು ಪಾದ್ರಿಗಳು ಬಲ್ಗೇರಿಯಾಕ್ಕೆ ಬಂದರು. ಸ್ಲಾವ್ ಮಾತಿಗೆ ಲಿಪಿ ಕಟ್ಟಿದ ಸಿರಿಲ್, ಮೆಥೋಡಿಯಸ್ ಅಣ್ಣತಮ್ಮಂದಿರ ಶಿಷ್ಯರು ಅವರು. ಬೋರಿಸ್ ಬಾಗಿಲು ತೆರೆದ. ನೌಮ್‌ನನ್ನು ರಾಜಧಾನಿಯಲ್ಲಿ ಉಳಿಸಿಕೊಂಡ, ಕ್ಲೆಮೆಂಟ್‌ನನ್ನು ಓಹ್ರಿಡ್ ಕಡೆಗೆ ಕಳಿಸಿದ. ಕ್ಲೆಮೆಂಟ್ 3,500 ಶಿಷ್ಯರಿಗೆ ಕಲಿಸಿದನೆಂದು ಅವನ ಚರಿತ್ರೆ ಹೇಳುತ್ತದೆ. ಇವತ್ತು ರಷ್ಯಾದಿಂದ ಮಂಗೋಲಿಯಾದವರೆಗೆ ಬರೆಯುವ ಸಿರಿಲಿಕ್ ಲಿಪಿ ರೂಪ ತಳೆದದ್ದು ಆ ಬಲ್ಗೇರಿಯಾದಲ್ಲೇ. ನನ್ನ ಮಟ್ಟಿಗೆ ಬಲ್ಗೇರಿಯಾ ನಿಜವಾಗಿ ಮತ ಬದಲಿಸಿದ್ದು ಆಗ. ತನ್ನ ಮಾತಿನಲ್ಲಿ ದೇವರನ್ನು ಕರೆಯಲು ಬಂದ ಮೇಲೆ ಯಾರಿಗೆ ಅದು ಪರರ ಧರ್ಮ ಅನ್ನಿಸುತ್ತದೆ?

889ರಲ್ಲಿ ಬೋರಿಸ್ ಪಟ್ಟ ಬಿಟ್ಟು ಮಠ ಸೇರಿದ. ದೊಡ್ಡ ಮಗ ವ್ಲಾದಿಮಿರ್ ರಸಾತೆ ಅಪ್ಪ ಕಟ್ಟಿದ್ದನ್ನೆಲ್ಲ ಕೆಡವಿ ಹಳೆಯ ದೇವರುಗಳನ್ನು ತರಲು ಹೊರಟ. ನಾಲ್ಕು ವರ್ಷ ನೋಡಿ, ಮುದುಕ ಸನ್ಯಾಸಿ ಮಠದಿಂದ ಹೊರಗೆ ಬಂದ. ಮಗನನ್ನು ಹಿಡಿಸಿ ಕಣ್ಣು ಕೀಳಿಸಿದ. 893ರಲ್ಲಿ ಪ್ರೆಸ್ಲಾವ್‌ನಲ್ಲಿ ಸಭೆ ಕರೆದು ಇನ್ನೊಬ್ಬ ಮಗ ಸಿಮಿಯೋನ್‌ಗೆ ಪಟ್ಟ ಕಟ್ಟಿದ. ಗ್ರೀಕಿನ ಜಾಗಕ್ಕೆ ಸ್ಲಾವ್ ಭಾಷೆ ಬಂದದ್ದೂ ಆಗಲೇ. ಮತ್ತೆ ಮಠಕ್ಕೆ ಹೋದ. 907ರಲ್ಲಿ ತೀರಿಕೊಂಡ. ಅಲ್ಲಿನ ಚರ್ಚ್‌ಗೆ ಅವನು ಸಂತ.

ಒಂದು ಪ್ರಶ್ನೆಯನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಕ್ರೈಸ್ತರಾಗದೆ ಸತ್ತ ನಮ್ಮ ಅಪ್ಪ ಅಮ್ಮನಿಗಾಗಿ ಪ್ರಾರ್ಥನೆ ಮಾಡಬಹುದಾ ಅಂತ ಬಲ್ಗೇರಿಯಾದವರು ಕೇಳಿದ್ದರು. ಪ್ಯಾಂಟಿನ ವಿಷಯಕ್ಕೆ ನಕ್ಕು ಬಿಟ್ಟ ಪೋಪ್ ಇದಕ್ಕೆ ಮಾತ್ರ ಸಡಿಲ ಬಿಡಲಿಲ್ಲ. ಕೂಡದು ಅಂದ. ಆ ಉತ್ತರವನ್ನು ಆಗಿನ ರಾಜಧಾನಿ ಪ್ಲಿಸ್ಕಾದ ಅರಮನೆಯಲ್ಲಿ ಯಾರೋ ಲ್ಯಾಟಿನ್‌ನಿಂದ ಬಿಡಿಸಿ ಓದಿ ಹೇಳಿರಬೇಕು. ಕೇಳಿದವರು ಮನೆಗೆ ಹೋಗಿ ಆ ರಾತ್ರಿ ಏನು ಮಾಡಿದರೋ.