ಉತ್ತರ ಬಾಕಿ

ನಮ್ಮ ಸಂಜೆಯ ಧಾರಾವಾಹಿಗಳನ್ನು ನೋಡುವವರಿಗೆ ಒಂದು ದೊಡ್ಡ ನೆಮ್ಮದಿಯಿದೆ. ಹಾಲಿಗೆ ಏನು ಬೆರೆಸಿದ್ದಾರೆ, ಬೆರೆಸಿದವರು ಯಾರು, ಆಸ್ತಿಯ ಕಾಗದ ಯಾವ ಕಪಾಟಿನಲ್ಲಿದೆ ಎಂಬುದೆಲ್ಲ ಅವರಿಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು, ಪಾಪ, ನಾಯಕಿಗೆ ಮಾತ್ರ. ಮುಂದೇನಾಗುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು ಅವರು ಸುಖವಾಗಿ ನಿದ್ದೆ ಮಾಡಬಲ್ಲರು. ರಹಸ್ಯವನ್ನೇ ಬಂಡವಾಳ ಮಾಡಿಕೊಂಡ ಧಾರಾವಾಹಿಯ ಪ್ರೇಕ್ಷಕನ ಪಾಡು ಬೇರೆ. ಇಂದಿನ ಕಂತನ್ನು ನೋಡುತ್ತಿರುವಾಗಲೂ ಅವನ ಮನಸ್ಸು ಹಿಂದಿನ ಕಂತುಗಳಲ್ಲೇ ತಡಕಾಡುತ್ತಿರುತ್ತದೆ. ಆ ಮನುಷ್ಯ ಹಾಗೇಕೆ ನಕ್ಕ, ಗೋಡೆಯ ಮೇಲಿನ ಆ ಚಿತ್ರಕ್ಕೂ ಮೊನ್ನೆ ಸತ್ತವನಿಗೂ ಏನು ಸಂಬಂಧ ಎಂದು ಯೋಚಿಸುವ ಅವನಿಗೆ ಒಂದು ಗಟ್ಟಿಯಾದ ನಂಬಿಕೆಯಿರುತ್ತದೆ: ತೆರೆಯ ಹಿಂದೆ ಕುಳಿತ ಯಾರಿಗೋ ಇದೆಲ್ಲದರ ತಲೆಬುಡ ಗೊತ್ತಿದೆ. ಅವನ ಸುಖ ಮತ್ತು ಸಂಕಟ ಎರಡೂ ಹುಟ್ಟುವುದು ಈ ನಂಬಿಕೆಯಿಂದಲೇ.

ಈ ಜಾತಿಯ ಪ್ರೇಕ್ಷಕರನ್ನು ಲೋಕದ ತುಂಬ ಬೆಳೆಸಿದ ಧಾರಾವಾಹಿಯೆಂದರೆ ಅಮೆರಿಕದ ‘ಲಾಸ್ಟ್’. 2004ರ ಸೆಪ್ಟೆಂಬರ್ 22ರಂದು ಎಬಿಸಿ ವಾಹಿನಿಯಲ್ಲಿ ಆರಂಭವಾದ ಇದು ಆರು ಸರಣಿಗಳಷ್ಟು ಕಾಲ ನಡೆದು 2010ರ ಮೇ 23ರಂದು ಮುಗಿಯಿತು. ಸಿಡ್ನಿಯಿಂದ ಲಾಸ್ ಏಂಜಲೀಸಿಗೆ ಹೊರಟ ವಿಮಾನವೊಂದು ಹೆಸರಿಲ್ಲದ ದ್ವೀಪದ ಮೇಲೆ ಮುರಿದು ಬೀಳುತ್ತದೆ. ಬದುಕಿ ಉಳಿದವರು ಸಹಾಯಕ್ಕಾಗಿ ಕಾಯುತ್ತಾರೆ. ಇಷ್ಟೇ ಆಗಿದ್ದರೆ ಯಾರಿಗೂ ತಲೆನೋವಿರಲಿಲ್ಲ. ಆದರೆ ಮೊದಲೆರಡು ಕಂತುಗಳಲ್ಲೇ ಕಾಣದ ಪ್ರಾಣಿಯೊಂದು ಕಾಡಿನ ಮರಗಳನ್ನು ಬಗ್ಗಿಸಿಕೊಂಡು ಓಡಾಡುತ್ತದೆ, ಉಷ್ಣವಲಯದ ಆ ಕಾಡಿನಲ್ಲಿ ಹಿಮಕರಡಿ ಎದುರಾಗುತ್ತದೆ, ಹದಿನಾರು ವರ್ಷಗಳಿಂದ ತನ್ನಷ್ಟಕ್ಕೆ ಮರುಕಳಿಸುತ್ತಿರುವ ಫ್ರೆಂಚ್ ಹೆಂಗಸಿನ ಮೊರೆ ರೇಡಿಯೋದಲ್ಲಿ ಕೇಳಿಸುತ್ತದೆ. ಮೊದಲ ಸರಣಿಯ ಕೊನೆಗೆ ನೆಲದಲ್ಲಿ ಹೂತಿದ್ದ ಉಕ್ಕಿನ ಮುಚ್ಚಳವೊಂದನ್ನು ಸಿಡಿಮದ್ದಿಟ್ಟು ತೆರೆಯುತ್ತಾರೆ. ಕ್ಯಾಮೆರಾ ಆ ಕತ್ತಲೆಯ ಕೊಳವೆಯೊಳಗೆ ಇಳಿಯುತ್ತ ಹೋಗುತ್ತದೆ. ಅಲ್ಲಿಗೆ ಕಂತು ಮುಗಿಯುತ್ತದೆ. ಒಳಗೆ ಏನಿದೆಯೆಂದು ತಿಳಿಯಲು ಅಮೆರಿಕದವರು ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಕಾಯಬೇಕಾಯಿತು. ನಾಲ್ಕು ತಿಂಗಳ ಬಿಡುವು ಕೊಟ್ಟರೆ ಬುದ್ಧಿವಂತರು ಸುಮ್ಮನಿರುತ್ತಾರೆಯೇ? ಸಿದ್ಧಾಂತಗಳು ಹುಟ್ಟಿಕೊಂಡವು.

ಒಳಗೆ ಇದ್ದವನು ಡೆಸ್ಮಂಡ್ ಎಂಬ ಒಬ್ಬ ಮನುಷ್ಯ, ಮತ್ತು ಒಂದು ಹಳೆಯ ಕಂಪ್ಯೂಟರ್. ಪ್ರತಿ 108 ನಿಮಿಷಕ್ಕೊಮ್ಮೆ ಅದರಲ್ಲಿ 4, 8, 15, 16, 23, 42 ಎಂಬ ಆರು ಅಂಕಿಗಳನ್ನು ಒತ್ತಬೇಕು. ಒತ್ತದಿದ್ದರೆ ಲೋಕಕ್ಕೆ ಕೇಡು. ಇದೇ ಅಂಕಿಗಳಿಂದ ಲಾಟರಿ ಗೆದ್ದು, ಆಮೇಲೆ ಮೈಮೇಲೆ ಶನಿ ಕುಳಿತವನಂತೆ ಅನಾಹುತಗಳನ್ನು ಕಂಡ ಹರ್ಲಿ ಎಂಬ ದಪ್ಪ ಮನುಷ್ಯನೂ ಅದೇ ವಿಮಾನದಲ್ಲಿದ್ದ. ಆರು ಅಂಕಿಗಳನ್ನು ಕೂಡಿದರೆ 108 ಬರುತ್ತದೆ. ಇದನ್ನು ಕಂಡುಹಿಡಿದಾಗ ಜಪಮಾಲೆಯ ಮಣಿ ಎಣಿಸಿ ಬೆಳೆದ ನಮ್ಮವರಿಗೆ ಆದ ಸಂತೋಷವನ್ನು ಕೇಳಬೇಡಿ. ಸಾಲದ್ದಕ್ಕೆ ದ್ವೀಪದಲ್ಲಿ ಪ್ರಯೋಗಗಳನ್ನು ನಡೆಸಿದ ಸಂಸ್ಥೆಯ ಹೆಸರು ‘ಧರ್ಮ’, ಅದರ ತರಬೇತಿ ಚಿತ್ರದ ವಿಜ್ಞಾನಿ ಮಾತು ಮುಗಿಸುವುದು ‘ನಮಸ್ತೆ’ ಎಂದು. ಇನ್ನೇನು, ಕಥೆಯ ಕೀಲಿಕೈ ಉಪನಿಷತ್ತಿನಲ್ಲಿದೆ ಎಂದು ತೀರ್ಮಾನಿಸಿದವರು ನನ್ನ ಬಳಗದಲ್ಲೇ ಇದ್ದರು. ಆ ಸಂಸ್ಥೆಯ ಲಾಂಛನ ಮಾತ್ರ ಚೀನೀಯರ ಎಂಟು ಮೂಲೆಯ ಚಕ್ರ. ಆ ವಿಷಯವನ್ನು ಎತ್ತಿದರೆ ಅವರು ಮಾತು ಬದಲಿಸುತ್ತಿದ್ದರು.

ಎರಡನೆಯ ಸರಣಿಯ ಒಂದು ಕಂತಿನಲ್ಲಿ ಬಾಗಿಲೊಂದು ಕೆಳಗಿಳಿದು, ದೀಪ ಆರಿ, ನೇರಳಾತೀತ ಬೆಳಕಿನಲ್ಲಿ ಆ ಬಾಗಿಲ ಮೇಲೆ ಯಾರೋ ಗೀಚಿದ ನಕ್ಷೆ ಕೆಲವೇ ಕ್ಷಣ ಹೊಳೆದು ಮಾಯವಾಗುತ್ತದೆ. ಪ್ರೇಕ್ಷಕರು ಆ ದೃಶ್ಯವನ್ನು ನಿಲ್ಲಿಸಿ, ಹಿಗ್ಗಿಸಿ, ನಕ್ಷೆಯನ್ನು ಹಾಳೆಗೆ ಇಳಿಸಿಕೊಂಡು, ಅದರ ಮೇಲಿನ ಲ್ಯಾಟಿನ್ ವಾಕ್ಯಗಳಿಗೆ ಅರ್ಥ ಹುಡುಕಿದರು. ಶಾಸನತಜ್ಞರು ಹಲ್ಮಿಡಿಯ ಸಾಲುಗಳ ಮೇಲೆ ಬಗ್ಗಿದಂತೆ ಬಗ್ಗಿದರು ಎಂದರೆ ಅತಿಯಾಗಲಾರದು. ಈ ಶ್ರಮಕ್ಕೆ ಸಂಬಳವಿರಲಿಲ್ಲ; ಎದುರು ಪಕ್ಷದ ಸಿದ್ಧಾಂತವನ್ನು ಮುರಿಯುವ ಖುಷಿಯೊಂದೇ ಅದರ ಪ್ರತಿಫಲ. ನನಗೆ ಒಂದು ವಿಷಯ ಸ್ಪಷ್ಟವಾಗಿ ಕಾಣುತ್ತದೆ: ಒಳ್ಳೆಯ ಸಿದ್ಧಾಂತಗಳಲ್ಲಿ ಅನೇಕವು ಬರಹಗಾರರು ಕೊನೆಗೆ ಕೊಟ್ಟ ಉತ್ತರಗಳಿಗಿಂತ ಅಚ್ಚುಕಟ್ಟಾಗಿದ್ದವು. ಅದು ಸಹಜವೂ ಹೌದು, ಏಕೆಂದರೆ ಪ್ರೇಕ್ಷಕನು ಕಂಡದ್ದನ್ನೆಲ್ಲ ಒಟ್ಟುಗೂಡಿಸುವ ಜವಾಬ್ದಾರಿಯನ್ನು ಹೊತ್ತಿದ್ದ. ಬರಹಗಾರನಿಗೆ ಮುಂದಿನ ವಾರದ ಕಂತನ್ನು ಮುಗಿಸುವ ತುರ್ತಿತ್ತು.

ಸಾಗರದಲ್ಲಿರುವ ನಮ್ಮ ಭಾವನವರು ಈ ವಿಷಯದಲ್ಲಿ ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ ಹೋದರು. ಬ್ಯಾಂಕಿನ ತಪಾಸಣಾ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಅಮೆರಿಕದಲ್ಲಿದ್ದ ಮಗ ರಜೆಗೆ ಬಂದಾಗಲೆಲ್ಲ ಒಂದೊಂದು ಸರಣಿಯ ಡಿವಿಡಿ ತರುತ್ತಿದ್ದ. ಹೀಗಾಗಿ ಆ ಕತ್ತಲೆಯ ಕೊಳವೆಯೊಳಗೆ ಏನಿದೆಯೆಂದು ತಿಳಿಯಲು ಅಮೆರಿಕದವರು ನಾಲ್ಕು ತಿಂಗಳು ಕಾದರೆ, ಭಾವನವರು ಮಗನ ಮುಂದಿನ ರಜೆಯವರೆಗೆ ಕಾದರು. ಕಾಯುವ ಹೊತ್ತಿನಲ್ಲಿ ಕೆಂಪು ಬೈಂಡಿನ ಒಂದು ಹಳೆಯ ಲೆಕ್ಕದ ಪುಸ್ತಕವನ್ನು ತೆಗೆದು, ಎಡಪುಟದಲ್ಲಿ ಪ್ರಶ್ನೆಗಳನ್ನು, ಬಲಪುಟದಲ್ಲಿ ಉತ್ತರಗಳನ್ನು ದಾಖಲಿಸತೊಡಗಿದರು. ಉತ್ತರ ಸಿಕ್ಕರೆ ಹಸಿರು ಶಾಯಿಯಲ್ಲಿ ಗುರುತು, ಸಿಗದಿದ್ದರೆ ‘ಬಾಕಿ’. ಅರ್ಧಂಬರ್ಧ ಉತ್ತರಕ್ಕೆ ಅವರು ಇಟ್ಟ ಹೆಸರು ‘ಅಮಾನತು’. ಮೂರನೆಯ ಸರಣಿಯ ಹೊತ್ತಿಗೆ ಎಡಪುಟಗಳು ತುಂಬಿ ತುಳುಕುತ್ತಿದ್ದರೆ ಬಲಪುಟಗಳು ಬೋಳಾಗಿದ್ದವು. ‘ಇಷ್ಟು ಬಾಕಿ ಇಟ್ಟುಕೊಂಡ ಶಾಖೆಯನ್ನು ನಾನು ಮುಚ್ಚಿಸಿಯೇ ಬಿಡುತ್ತಿದ್ದೆ ಮಾರಾಯ’ ಎಂದರು. ‘ಕಥೆ ಇನ್ನೂ ನಡೆಯುತ್ತಿದೆಯಲ್ಲ ಭಾವ, ಸ್ವಲ್ಪ ತಡೆಯಿರಿ’ ಎಂದೆ. ‘ಸಾಲಗಾರರೆಲ್ಲ ಹೇಳುವುದು ಹೀಗೆಯೇ’ ಎಂದು ಪುಸ್ತಕ ಮುಚ್ಚಿದರು.

ಅವರ ಸಿಟ್ಟಿಗೆ ಕಾರಣವಿತ್ತು. ಅಮೆರಿಕದ ದೊಡ್ಡ ವಾಹಿನಿಗಳಲ್ಲಿ ಧಾರಾವಾಹಿ ಜನಪ್ರಿಯವಾಗಿರುವಷ್ಟು ಕಾಲ ಅದನ್ನು ಎಳೆಯುವುದು ರೂಢಿ. ಆಗೆಲ್ಲ ವರ್ಷಕ್ಕೆ ಇಪ್ಪತ್ತಕ್ಕೂ ಹೆಚ್ಚು ಕಂತುಗಳನ್ನು ಒದಗಿಸಬೇಕಿತ್ತು, ಆದರೆ ಕೊನೆ ಯಾವಾಗ ಎಂಬುದು ಬರೆಯುವವರಿಗೇ ಗೊತ್ತಿರುತ್ತಿರಲಿಲ್ಲ. ಕೊನೆ ಎಲ್ಲಿದೆಯೆಂದು ತಿಳಿಯದವನು ಉತ್ತರವನ್ನು ಇಂದೇ ಖರ್ಚು ಮಾಡಲು ಹೆದರುತ್ತಾನೆ. ಆದ್ದರಿಂದಲೇ ಮೂರನೆಯ ಸರಣಿಯಲ್ಲಿ ನಾಯಕ ಜ್ಯಾಕನ ತೋಳಿನ ಹಚ್ಚೆ ಎಲ್ಲಿಂದ ಬಂತು ಎಂಬುದಕ್ಕೆ ಒಂದು ಇಡೀ ಕಂತು ಸಂದಿತು, ಯಾರೂ ಆ ಪ್ರಶ್ನೆಯನ್ನು ಕೇಳದಿದ್ದರೂ. ನಿಕ್ಕಿ, ಪೌಲೊ ಎಂಬ ಇಬ್ಬರು ಮೊದಲಿನಿಂದಲೂ ಅಲ್ಲೇ ಇದ್ದವರಂತೆ ಏಕಾಏಕಿ ಕಾಣಿಸಿಕೊಂಡರು. ಪ್ರೇಕ್ಷಕರು ಅವರನ್ನು ಎಷ್ಟು ದ್ವೇಷಿಸಿದರೆಂದರೆ ಬರಹಗಾರರು ಇಬ್ಬರನ್ನೂ ಜೀವಂತವಾಗಿ ಹೂಳಿಸಿ ಕೈತೊಳೆದುಕೊಂಡರು. ಡೇಮನ್ ಲಿಂಡೆಲಾಫ್ ಮತ್ತು ಕಾರ್ಲ್‌ಟನ್ ಕ್ಯೂಸ್ ಎಂಬ ಮುಖ್ಯ ಬರಹಗಾರರು ವಾಹಿನಿಯ ಬೆನ್ನುಹತ್ತಿ, ಇನ್ನು 48 ಕಂತುಗಳಲ್ಲಿ ಕಥೆ ಮುಗಿಯುತ್ತದೆ ಎಂಬ ಒಪ್ಪಿಗೆಯನ್ನು 2007ರ ಮೇ ತಿಂಗಳಲ್ಲಿ ಪಡೆದ ಮೇಲೆಯೇ ಬಂಡಿ ಹಳಿಗೆ ಬಂದದ್ದು.

ನನಗೆ ಅತ್ಯಂತ ಇಷ್ಟವಾದ ರಹಸ್ಯ ವಾಲ್ಟ್ ಎಂಬ ಹುಡುಗನದು. ಅವನಲ್ಲಿ ಏನೋ ಅಲೌಕಿಕ ಶಕ್ತಿಯಿದೆಯೆಂದು ಮೊದಲ ಸರಣಿಯ ಉದ್ದಕ್ಕೂ ಸೂಚಿಸಿ, ಕೊನೆಯಲ್ಲಿ ಅವನನ್ನು ದ್ವೀಪದಲ್ಲಿ ಮೊದಲೇ ನೆಲೆಸಿದ್ದ ‘ಇತರರು’ ಎತ್ತಿಕೊಂಡು ಹೋಗುತ್ತಾರೆ. ಆಮೇಲೆ ಅವನ ಕಥೆ ಸೊರಗುತ್ತ ಹೋಗುತ್ತದೆ. ಇದಕ್ಕೆ ಜನ ಕಟ್ಟಿದ ವಿವರಣೆಗಳು ಒಂದೆರಡಲ್ಲ. ನಿಜವಾದ ಕಾರಣವೆಂದರೆ, ಕಥೆಯಲ್ಲಿ ದಿನಗಳು ಕಳೆಯುವಷ್ಟರಲ್ಲಿ ಚಿತ್ರೀಕರಣದಲ್ಲಿ ವರ್ಷಗಳು ಕಳೆಯುತ್ತಿದ್ದವು, ಮತ್ತು ಆ ಬಾಲನಟ ಎಲ್ಲ ಮಕ್ಕಳಂತೆ ಎತ್ತರಕ್ಕೆ ಬೆಳೆಯುತ್ತಿದ್ದ. ಎಕೋ ಎಂಬ ಗಂಭೀರ ಪಾದ್ರಿಯನ್ನು ಹೊಗೆಯ ರೂಪದ ದೈತ್ಯ ನೆಲಕ್ಕೆ ಬಡಿದು ಕೊಂದಾಗ, ಅವನು ಪಶ್ಚಾತ್ತಾಪ ಪಡಲಿಲ್ಲವಾದ್ದರಿಂದ ಹೀಗಾಯಿತೆಂದು ನಾನೂ ನನ್ನ ಸ್ನೇಹಿತರೂ ಧರ್ಮಸೂಕ್ಷ್ಮಗಳನ್ನು ಚರ್ಚಿಸಿದ್ದೆವು. ಆ ನಟನಿಗೆ ಧಾರಾವಾಹಿಯನ್ನು ಬಿಟ್ಟು ಹೋಗಬೇಕಿತ್ತು, ಅಷ್ಟೇ. ಕಥೆಯೊಳಗೆ ಹುಡುಕಿದ ಉತ್ತರ ಎಷ್ಟೋ ಸಲ ಕಥೆಯ ಹೊರಗೆ, ಕರಾರುಪತ್ರದಲ್ಲೋ ಹುಡುಗನ ಮೀಸೆಯ ಚಿಗುರಿನಲ್ಲೋ ಇರುತ್ತದೆ. ಸಿದ್ಧಾಂತಿಗಳು ಅದನ್ನು ಉತ್ತರವೆಂದು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಹಾಗೆಂದು ಬೇಗ ಉತ್ತರ ಕೊಟ್ಟರೆ ಒಳ್ಳೆಯದಾಗುತ್ತದೆಯೇ ಎಂದರೆ ಅದೂ ಇಲ್ಲ. ಇದೇ ಎಬಿಸಿಯಲ್ಲಿ 1990ರಲ್ಲಿ ಆರಂಭವಾದ ‘ಟ್ವಿನ್ ಪೀಕ್ಸ್’ನಲ್ಲಿ ಲಾರಾ ಪಾಮರ್ ಎಂಬ ಹುಡುಗಿಯನ್ನು ಕೊಂದವರು ಯಾರೆಂದು ಊರಿಗೆ ಊರೇ ಕೇಳುತ್ತಿತ್ತು. ವಾಹಿನಿಯ ಒತ್ತಾಯಕ್ಕೆ ಮಣಿದು ಅದೇ ನವೆಂಬರಿನಲ್ಲಿ ಕೊಲೆಗಾರನನ್ನು ತೋರಿಸಿದರು. ತಿಳಿಯಬೇಕಾದದ್ದು ತಿಳಿದ ಜನ ಬೇರೆ ದಾರಿ ಹಿಡಿದರು. 1991ರಲ್ಲಿ ಧಾರಾವಾಹಿ ನಿಂತಿತು. ಉತ್ತರಕ್ಕಾಗಿ ಬಡಿದಾಡಿದವರೇ ಉತ್ತರ ಬಂದೊಡನೆ ಎದ್ದು ಹೋದದ್ದನ್ನು ನೋಡಿದ ಬರಹಗಾರರು ಆಮೇಲೆ ಬಾಯಿ ಬಿಗಿಹಿಡಿದರೆ ತಪ್ಪೇನೂ ಕಾಣದು.

‘ಲಾಸ್ಟ್’ ಕೊನೆಯ ಸರಣಿಯಲ್ಲಿ ಉತ್ತರಗಳನ್ನು ಕೊಡಲು ಕುಳಿತಾಗ ಕಂಡದ್ದೂ ಇದೇ. ಕಾಡಿನಲ್ಲಿ ವರ್ಷಗಟ್ಟಲೆ ಮೈ ಜುಮ್ಮೆನ್ನಿಸಿದ ಪಿಸುಮಾತುಗಳು ಯಾರವು ಎಂಬುದನ್ನು, ದ್ವೀಪ ಬಿಟ್ಟು ಹೋಗಲಾರದ ಸತ್ತವರವು ಎಂದು ಒಂದೆರಡು ವಾಕ್ಯಗಳಲ್ಲಿ ಹೇಳಿ ಮುಗಿಸಿದರು. ಭಾವನವರು ಹಸಿರು ಗುರುತು ಹಾಕಿದರು, ಆದರೆ ಮುಖದಲ್ಲಿ ಕಳೆಯಿರಲಿಲ್ಲ. ಆ ಆರು ಅಂಕಿಗಳು ದ್ವೀಪದ ಕಾವಲುಗಾರನಾಗಲು ತಕ್ಕವರೆಂದು ಗುಹೆಯಲ್ಲಿ ಬರೆದಿಟ್ಟ ಹೆಸರುಗಳ ಸಂಖ್ಯೆಗಳೆಂದು ತಿಳಿಯಿತು. ಅವೇ ಲಾಟರಿಯಲ್ಲೂ ಉಕ್ಕಿನ ಮುಚ್ಚಳದ ಮೇಲೂ ಏಕೆ ಬಂದವು ಎಂಬುದು ‘ಅಮಾನತು’ ಖಾತೆಗೆ ಹೋಯಿತು. ದ್ವೀಪದ ಹೃದಯದಲ್ಲಿ ಏನಿದೆಯೆಂದರೆ ಬೆಳಕು ಎಂದರು. ಬೆಟ್ಟ ಅಗೆದವರಿಗೆ ಇಲಿಯಾದರೂ ಸಿಗುತ್ತದೆ, ಇಲ್ಲಿ ಬರೀ ಬೆಳಕೇ ಎಂದು ಭಾವನವರು ನೊಂದುಕೊಂಡರು.

ಇದಕ್ಕಿಂತ ದೊಡ್ಡ ಜಗಳ ಮುಕ್ತಾಯದ ಬಗ್ಗೆ. ಇವರೆಲ್ಲ ವಿಮಾನ ಬಿದ್ದಾಗಲೇ ಸತ್ತಿದ್ದಾರೆ, ದ್ವೀಪವೆಂಬುದು ನರಕಕ್ಕೂ ಸ್ವರ್ಗಕ್ಕೂ ನಡುವಿನ ತಂಗುದಾಣ ಎಂಬ ಸಿದ್ಧಾಂತ ಮೊದಲ ವರ್ಷದಲ್ಲೇ ಹುಟ್ಟಿತ್ತು, ಬರಹಗಾರರು ಅದನ್ನು ಮತ್ತೆ ಮತ್ತೆ ಅಲ್ಲಗಳೆದಿದ್ದರು. ಕೊನೆಯ ಕಂತಿನಲ್ಲಿ ನೋಡಿದರೆ, ಆರನೆಯ ಸರಣಿಯಲ್ಲಿ ಸಮಾನಾಂತರವಾಗಿ ತೋರಿಸುತ್ತ ಬಂದಿದ್ದ ಇನ್ನೊಂದು ಬದುಕು ಸಾವಿನ ನಂತರದ ತಂಗುದಾಣವೇ ಆಗಿತ್ತು. ದ್ವೀಪದಲ್ಲಿ ನಡೆದದ್ದು ಮಾತ್ರ ನಿಜ, ಜ್ಯಾಕನ ತಂದೆ ಅದನ್ನು ಮಗನಿಗೆ ಸ್ಪಷ್ಟವಾಗಿಯೇ ಹೇಳುತ್ತಾನೆ. ಆದರೆ ಹೆಸರುಗಳು ಉರುಳುವಾಗ ವಾಹಿನಿಯವರು ಸಮುದ್ರತೀರದಲ್ಲಿ ಬಿದ್ದ ವಿಮಾನದ ಅವಶೇಷಗಳ ಚಿತ್ರಗಳನ್ನು, ಮನುಷ್ಯರಿಲ್ಲದ ಬರಿ ತೀರವನ್ನು, ಸೇರಿಸಿದರು. ಮುಂದಿನ ಕಾರ್ಯಕ್ರಮಕ್ಕೆ ಮೆತ್ತಗೆ ದಾಟಲಿ ಎಂಬುದಷ್ಟೇ ಅವರ ಉದ್ದೇಶ. ಆರು ವರ್ಷ ಪ್ರತಿ ಚೂರನ್ನೂ ಸುಳುಹೆಂದು ಓದಲು ಕಲಿತ ಪ್ರೇಕ್ಷಕರು ಅದನ್ನೂ ಸುಳುಹೆಂದೇ ಓದಿ, ಎಲ್ಲರೂ ಅಂದೇ ಸತ್ತಿದ್ದರೆಂದು ಸಾರಿದರು. ಇಂದಿಗೂ ಯಾವುದಾದರೂ ಮದುವೆಮನೆಯಲ್ಲಿ ಹಾಗೆ ವಾದಿಸುವವರು ಸಿಗುತ್ತಾರೆ. ನಾನು ಎಲೆಯ ಮುಂದೆ ಕುಳಿತಿದ್ದರೂ ತಿದ್ದದೆ ಬಿಡುವುದಿಲ್ಲ.

ಡಿವಿಡಿಯ ಜೊತೆಗೆ ಹನ್ನೆರಡು ನಿಮಿಷಗಳ ಒಂದು ಬಾಲಂಗೋಚಿಯನ್ನೂ ಕೊಟ್ಟಿದ್ದರು. ದ್ವೀಪದ ಮೇಲೆ ಆಗಾಗ ಬೀಳುತ್ತಿದ್ದ ಆಹಾರದ ಮೂಟೆಗಳನ್ನು ಕಳುಹಿಸುತ್ತಿದ್ದವರು ಗ್ವಾಮಿನ ಒಂದು ಗೋದಾಮಿನಲ್ಲಿ ಕುಳಿತ ‘ಧರ್ಮ’ ಸಂಸ್ಥೆಯ ಇಬ್ಬರು ನೌಕರರು ಎಂದು ಅದರಿಂದ ತಿಳಿಯುತ್ತದೆ. ಬೆನ್ ಎಂಬಾತ ಬಂದು, ನಿಮ್ಮ ಸಂಸ್ಥೆ ಮುಚ್ಚಿ ಸುಮಾರು ಇಪ್ಪತ್ತು ವರ್ಷಗಳಾದವು, ಇನ್ನು ಮನೆಗೆ ಹೋಗಿ ಎನ್ನುತ್ತಾನೆ. ಹಾಗೆ ಹೋಗಲಾಗದು, ನಮಗೆ ಉತ್ತರ ಬೇಕು ಎಂದು ಅವರು ಹಟ ಹಿಡಿಯುತ್ತಾರೆ. ತಲಾ ಒಂದು ಪ್ರಶ್ನೆ ಕೇಳಿ ಎಂದು ಅವನು ಅನುಮತಿ ಕೊಡುತ್ತಾನೆ. ಬರಹಗಾರರು ನಮ್ಮನ್ನೇ ಗೋದಾಮಿನಲ್ಲಿ ಕೂರಿಸಿ ಗೇಲಿ ಮಾಡಿದ್ದಾರೆಂದು ನಾನು ನಗುತ್ತಿದ್ದೆ. ಭಾವನವರು ನಗಲಿಲ್ಲ. ಆಹಾರದ ಮೂಟೆಯ ಮುಂದೆ ಹಸಿರು ಗುರುತು ಹಾಕಿ, ಎಡಪುಟದಲ್ಲಿ ಹೊಸದೊಂದು ಸಾಲು ಬರೆದರು: ‘ಸಂಸ್ಥೆ ಮುಚ್ಚಿದ ಮೇಲೆ ಈ ಇಬ್ಬರ ಸಂಬಳ ಯಾವ ಖಾತೆಯಿಂದ ಹೋಗುತ್ತಿತ್ತು?’